ಹತ್ತನೇ ಪಾಲು, ಚೀಲದ ತೂಕ ಕಳೆದು

"ಕಣ್ಣು ಮುಚ್ಚಿಕೊಂಡು ಕುಂತಿದ್ದಕ್ಕೂ ರೊಕ್ಕ ಕೊಡಬೇಕಾ? ಇದು ಅಕ್ಕಿ ಮಿಲ್ಲೋ, ಮಠಾನೋ?"

"ನಿದ್ದಿ ಮಾಡಾಕ ಮುಚ್ಚಿದ್ದಲ್ರಿ. ವಿಚಾರ ಮಾಡಾಕ ಮುಚ್ಚಿದ್ದು."

"ವಿಚಾರ ನಿಮ್ಮ ಮನ್ಯಾಗ ಮಾಡ್ರಿ. ನನ್ನ ಫ್ಯಾನಿನ ಕೆಳಗ ಕುಂತು, ನನ್ನ ಚಾ ಕುಡದು ವಿಚಾರ ಮಾಡಿ, ಅದಕ್ಕ ತಾಸಿಗೆ ಹದಿನೈದು ರೂಪಾಯಿ ನಾ ಕೊಡಬೇಕೇನು? ಲೇ ಎರ್ರಣ್ಣ, ಬಾರೋ ಇಲ್ಲಿ. ನೀ ನೋಡಿದ್ದು ಹೇಳು."

ಸಿರುಗುಪ್ಪದ ವಿರೂಪಾಕ್ಷಪ್ಪನವರ ಅಕ್ಕಿ ಮಿಲ್ಲಿನ ಕಾವಲುಗಾರ ಎರ್ರಣ್ಣ, ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದವನಂತೆ ನೆಟ್ಟಗೆ ನಿಂತ.

"ಮುಂಜಾನಿ ಬಂದು ಗೋಡಿ ನೋಡಿದ್ರು. ಆಮೇಲೆ ಕಣ್ಣು ಮುಚ್ಚಿದ್ರು. ನಡುವ ಒಮ್ಮೆ ಒಬ್ಬರ ನಕ್ಕರು."

"ನಕ್ಕಿದ್ದನ್ನೂ ಬಿಲ್ಲಿಗೆ ಹಚ್ಚೀರೇನು?"

"ತಪ್ಪು ಸಿಕ್ಕಿತ್ತು. ಅದಕ್ಕ ನಕ್ಕೆ" ಎಂದ ಗಾದಿಲಿಂಗಪ್ಪ.

"ಯಾರು ಮಾಡಿದ ತಪ್ಪು?"

"ನಾನ ಮಾಡಿದ್ದು."

ವಿರೂಪಾಕ್ಷಪ್ಪ ಆಫೀಸಿನಲ್ಲಿದ್ದ ದೇವರ ಪಟದ ಕಡೆ ತಿರುಗಿ, ಇದನ್ನು ನೀನೂ ಕೇಳಿಸಿಕೊಂಡೆಯಲ್ಲ ಎಂಬಂತೆ ನೋಡಿದರು. "ತಪ್ಪು ಮಾಡುವಾಗಿನ ತಾಸಿಗೂ ರೊಕ್ಕ, ಅದನ್ನ ಹುಡುಕುವಾಗಿನ ತಾಸಿಗೂ ರೊಕ್ಕ. ಇಂಥಾ ಧಂದೆ ಐತಿ ಅಂತ ಗೊತ್ತಿದ್ರ ನಾ ಮಿಲ್ಲ ಹಾಕ್ತಿದ್ದಿಲ್ಲ."

ಇಲ್ಲಿ ಗಾದಿಲಿಂಗಪ್ಪನ ಪೂರ್ವೋತ್ತರ ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಬಳ್ಳಾರಿಯ ಪಾರ್ವತಿನಗರದ ಈ ಮನುಷ್ಯ ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಅರ್ಧ ಆಯುಷ್ಯ ಟೈಪ್ ಹೊಡೆದವನು. ಪುಟಕ್ಕೆ ಇಷ್ಟು ಎಂದು ರೇಟು. ಅವನು ಟೈಪು ಮಾಡಿದ ಕಾಗದದ ಬಲದಿಂದ ಒಬ್ಬನಿಗೆ ಇಪ್ಪತ್ತು ಎಕರೆ ಗದ್ದೆ ಸಿಕ್ಕಿದರೂ ಇವನಿಗೆ ಪುಟದ ಕಾಸು; ಇನ್ನೊಬ್ಬನಿಗೆ ಆರು ತಿಂಗಳು ಜೈಲಾದರೂ ಇವನಿಗೆ ಪುಟದ ಕಾಸು. ಗದ್ದೆ ಗೆದ್ದವನು ಒಂದು ಸಲ ಕೊನೆಯ ಪುಟದಲ್ಲಿ ಎರಡೇ ಸಾಲು ಇದೆಯೆಂದು ಅರ್ಧ ಕಾಸು ಹಿಡಿದುಕೊಂಡ. ಅಂದಿನಿಂದ ಗಾದಿಲಿಂಗಪ್ಪನ ಹೊಟ್ಟೆಯಲ್ಲಿ ಒಂದು ಬೆಂಕಿ ಹೊಗೆಯಾಡುತ್ತಲೇ ಇತ್ತು.

ಅಷ್ಟರಲ್ಲಿ ಎಂಬತ್ತರ ದಶಕ ಮುಗಿಯುತ್ತ ಬಂತು. ಕಂಟೋನ್ಮೆಂಟಿನಲ್ಲಿ ಯಾರೋ ಕಂಪ್ಯೂಟರ್ ಕ್ಲಾಸು ತೆರೆದರು. ಮೀಸೆ ಮೂಡದ ಹುಡುಗರ ನಡುವೆ ಗಾದಿಲಿಂಗಪ್ಪ ನರೆತ ತಲೆ ಹೊತ್ತು ಕುಳಿತು ಪ್ರೋಗ್ರಾಮ್ ಬರೆಯುವುದನ್ನು ಕಲಿತ. ಮರದ ಕೆಳಗಿನ ಜಾಗದಲ್ಲಿ ಗೆಳೆಯ ಉಸ್ಮಾನಸಾಬ್ ತನ್ನ ಹಳೆಯ ಛತ್ರಿ ಊರಿದ. ಅವನೂ ಟೈಪಿಸ್ಟೇ. "ಯುಗಾದಿತನಕ ಈ ಜಾಗಕ್ಕ ಯಾರೂ ಬರದಂಗ ನೋಡ್ಕೊಂತೀನಿ, ಗಾದಿ. ಬರಿಗೈಲೆ ಬಂದ್ರ ಮತ್ತ ಕುಂದ್ರು. ಗೆದ್ದು ಬಂದ್ರ ನನ್ನ ಅಳಿಯಗ ಬಿಟ್ಟುಕೊಡು" ಎಂದಿದ್ದ.

ಹೀಗಾಗಿ ಸಿರುಗುಪ್ಪದ ಈ ಕೆಲಸ ಗಾದಿಲಿಂಗಪ್ಪನಿಗೆ ಬರೀ ಕೆಲಸವಲ್ಲ. ಇದರಲ್ಲಿ ಸೋತರೆ ಮತ್ತೆ ಬೇವಿನ ಮರ, ಮತ್ತೆ ಪುಟದ ಕಾಸು. ಯಾರ ಭತ್ತ ಎಷ್ಟು ಬಂತು, ಅಕ್ಕಿ ಎಷ್ಟಾಯಿತು, ತೌಡು ಎಷ್ಟು, ನುಚ್ಚು ಎಷ್ಟು ಎಂದು ಹೇಳುವ ಪ್ರೋಗ್ರಾಮನ್ನು ಅವನು ತಿಂಗಳುಗಟ್ಟಲೆ ಕುಳಿತು ಬರೆಯುತ್ತಿದ್ದ. ಈಗ ಅದರ ತಾಸುಗಳನ್ನು ಕಾವಲುಗಾರ ಎಣಿಸುತ್ತಿದ್ದ.

ಗಾದಿಲಿಂಗಪ್ಪ ಬಿಲ್ಲನ್ನು ಕೈಗೆ ತೆಗೆದುಕೊಂಡು ನಾಲ್ಕು ಚೂರು ಮಾಡಿದ.

"ಇವತ್ತಿಂದ ನಾ ತಾಸು ಮಾರೂದಿಲ್ಲ. ನನ್ನ ಪ್ರೋಗ್ರಾಮಿನಿಂದ ನಿಮಗ ಎಷ್ಟು ಲಾಭ ಆಗ್ತದೋ ಅದರಾಗ ಹತ್ತನೇ ಪಾಲು ಕೊಡ್ರಿ. ಲಾಭ ಆಗಲಿಲ್ಲಂದ್ರ ಒಂದು ಪೈಸಾ ಬ್ಯಾಡ. ನಾ ಕಣ್ಣು ಮುಚ್ಚಲಿ, ನಗಲಿ, ತಲಿ ಕೆಳಗ ಮಾಡಿ ನಿಂದ್ರಲಿ, ನೀವು ಕೇಳಂಗಿಲ್ಲ."

ವಿರೂಪಾಕ್ಷಪ್ಪನವರ ಮುಖದ ಮೇಲೆ ಬೆಳದಿಂಗಳು ಬಿತ್ತು. ಲಾಭವೆಷ್ಟು ಎಂದು ಹೇಳಬೇಕಾದವರು ತಾವೇ ಎಂಬುದು ಅವರಿಗೆ ಆ ಕ್ಷಣಕ್ಕೇ ಹೊಳೆದಿತ್ತು. ಗಾದಿಲಿಂಗಪ್ಪನಿಗೆ ಹೊಳೆಯಲು ಇನ್ನೂ ಹಲವು ತಿಂಗಳಿದ್ದವು.

"ಮನಿದೇವರಾಣಿ, ಒಪ್ಪಿದೆ" ಎಂದರು. "ಎರ್ರಣ್ಣ, ಸಾಕ್ಷಿ ನೀನ."

*

ಪಾರ್ವತಿನಗರದ ಮನೆಯಲ್ಲಿ ಈ ಹೊಸ ಸಿದ್ಧಾಂತಕ್ಕೆ ಮೊದಲ ಟೀಕೆ ಬಂದದ್ದು ಅಡುಗೆಮನೆಯಿಂದ.

"ಹಂಗಾದ್ರ ನಂದೂ ಒಂದು ಲೆಕ್ಕ ಐತಿ" ಎಂದಳು ಹೆಂಡತಿ ದಾಕ್ಷಾಯಣಮ್ಮ, ರೊಟ್ಟಿ ಬಡಿಯುತ್ತ. "ಮದುವಿ ಆದಾಗಿಂದ ರೊಟ್ಟಿ ಬಡದು ಹಾಕೀನಿ. ಅದರಿಂದ ಆದ ಲಾಭ ಏನು? ನೀವು ಇನ್ನೂ ಜೀವಂತ ಅದೀರಿ. ಹತ್ತನೇ ಪಾಲು ಅಂದ್ರ ನಿಮ್ಮ ಎಡಗೈ ಮೊಣಕೈತನಕ ನಂದು."

"ಮನಿ ಬ್ಯಾರೆ, ಧಂದೆ ಬ್ಯಾರೆ."

"ಆ ಕೈಲೆ ಕುಂಬಳಕಾಯಿ ಹೆಚ್ಚಿ ಕೊಡ್ರಿ ಸಾಕು."

ಟೀಕೆ ಅಡುಗೆಮನೆಯಲ್ಲೇ ನಿಂತಿದ್ದರೆ ತೊಂದರೆಯಿರಲಿಲ್ಲ. ಆದರೆ ಗಾದಿಲಿಂಗಪ್ಪ ತನ್ನ ಸಿದ್ಧಾಂತವನ್ನು ಓಣಿಯಲ್ಲಿ ಸಾರಿಬಿಟ್ಟಿದ್ದ. ಟಾಂಗಾದ ಅಮೀರಸಾಬ್ ಅದನ್ನು ಗಮನವಿಟ್ಟು ಕೇಳಿ, ಎರಡು ದಿನ ಮೆಲುಕು ಹಾಕಿ, ಮೂರನೇ ದಿನ ಕುದುರೆಯನ್ನು ನಡುರಸ್ತೆಯಲ್ಲಿ ನಿಲ್ಲಿಸಿದ.

"ಎಲ್ಲಿಗ್ರಿ ಸವಾರಿ?"

"ಬಸ್ ಸ್ಟ್ಯಾಂಡಿಗೆ. ದಿನಾ ಹೋಗೂದು ಅಲ್ಲಿಗೇ ಅಲ್ಲೇನು?"

"ದಿನಾ ಹೋಗೂ ಮಾತು ಬಿಡ್ರಿ. ಇವತ್ತು ಏನು ಕೆಲಸಕ್ಕ?"

"ಸಿರುಗುಪ್ಪಕ್ಕ. ದೊಡ್ಡ ಕೆಲಸ ಐತಿ."

"ದೊಡ್ಡದು ಅಂದ್ರಿ" ಎಂದ ಅಮೀರಸಾಬ್ ಸಮಾಧಾನದಿಂದ. "ನಾ ಬಸ್ ತಪ್ಪಿಸಿದ್ರ ಆ ಕೆಲಸ ಹೋಗ್ತದ. ನಾ ಮುಟ್ಟಿಸಿದ್ರ ಆಗ್ತದ. ಅಂದಮ್ಯಾಲ ಅದರಾಗ ನನ್ನ ಕುದುರಿದೂ ಒಂದು ಪಾಲು ಬರ್ತದ. ನೀವ ಹೇಳಿದ ಮಾತು."

ಕೋಪ ಉಕ್ಕಿಬಂದರೂ ಗಾದಿಲಿಂಗಪ್ಪ ನ್ಯಾಯದ ಮನುಷ್ಯ. ತನಗೆ ನ್ಯಾಯವಾದದ್ದು ಕುದುರೆಗೂ ನ್ಯಾಯ. ದುಪ್ಪಟ್ಟು ಕೊಟ್ಟ. ಸುದ್ದಿ ಓಣಿಗೆಲ್ಲ ಹರಡಿತು. ಇಸ್ತ್ರಿಯವಳು ಅಂಗಿ ಕೊಡುವ ಮೊದಲು, "ಇದನ್ನ ಹಾಕ್ಕೊಂಡು ಎಲ್ಲಿಗೆ ಹೊಂಟೀರಿ, ಅಣ್ಣಾರ?" ಎಂದು ಕೇಳತೊಡಗಿದಳು. ಕ್ಷೌರಿಕನು ಅರ್ಧ ಗಡ್ಡ ಬೋಳಿಸಿ ಕತ್ತಿ ಎತ್ತಿ ಹಿಡಿದು ಅದನ್ನೇ ಕೇಳಿದ.

ಆಗ ಗಾದಿಲಿಂಗಪ್ಪ ಒಂದು ಉಪಾಯ ಹುಡುಕಿದ. ಯಾರು ಕೇಳಿದರೂ, "ಏನಿಲ್ರಿ, ಏನೂ ಉಪಯೋಗಿಲ್ಲದ ಕೆಲಸಕ್ಕ ಹೊಂಟೀನಿ" ಎನ್ನುವುದು. ಟಾಂಗಾದ ಬಾಡಿಗೆ ಹಳೆಯ ದರಕ್ಕೆ ಇಳಿಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಪಾರ್ವತಿನಗರದ ಹಿರಿಯರಿಬ್ಬರು ಮನೆಗೆ ಬಂದು ದಾಕ್ಷಾಯಣಮ್ಮನಿಗೆ ಧೈರ್ಯ ಹೇಳಿ ಹೋದರು. ಗಂಡ ದಿನಾ ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು ಏನೂ ಉಪಯೋಗವಿಲ್ಲದ ಕೆಲಸಕ್ಕೆ ಹೋಗುತ್ತಾನೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

*

ಪ್ರೋಗ್ರಾಮ್ ಮುಗಿಸಿ ಕೊಟ್ಟು ಮೂರು ತಿಂಗಳಾಯಿತು. ಲಾಭದ ಸುದ್ದಿ ಇಲ್ಲ. ಕೇಳಿದರೆ ವಿರೂಪಾಕ್ಷಪ್ಪನವರದು ಒಂದೇ ಮಾತು: "ಕರೆಂಟ್ ಇರೂದಿಲ್ಲ. ಕಂಪ್ಯೂಟರ್ ಚಾಲೂನ ಮಾಡಿಲ್ಲ. ಲಾಭ ಎಲ್ಲಿಂದ ಬರ್ತದ?"

ಯುಗಾದಿ ಹತ್ತಿರ ಬಂತು. ಮರದ ಕೆಳಗೆ ಉಸ್ಮಾನಸಾಬನ ಅಳಿಯ ಬಂದು ಛತ್ರಿಯ ನೆರಳನ್ನು ಕಾಲಿನಿಂದ ಅಳೆದು ಹೋಗುತ್ತಿದ್ದ. ಆಗ ಮಿಲ್ಲಿನ ಬೆಲ್ಟು ತರಲು ಬಳ್ಳಾರಿಗೆ ಬಂದ ಎರ್ರಣ್ಣ ಗಾಂಧಿನಗರದ ಹೋಟೆಲಿನಲ್ಲಿ ಗಾದಿಲಿಂಗಪ್ಪನ ಕೈಗೆ ಸಿಕ್ಕ. ಎರಡು ಪ್ಲೇಟು ಮಂಡಕ್ಕಿ, ಮಿರ್ಚಿ ಹೊಟ್ಟೆಗೆ ಹೋದ ಮೇಲೆ ಅವನ ಬಾಯಿ ತಾನಾಗಿ ಬಿಚ್ಚಿತು.

"ಚಾಲೂ ಮಾಡಿಲ್ಲ ಖರೆ. ಆದ್ರ ಲಾಭ ಆಗಿಲ್ಲಂತ ಯಾರು ಹೇಳಿದ್ರು? ಕಂಪ್ಯೂಟರ್ ಇಟ್ಟ ಖೋಲಿಗೆ ತಂಪಿನ ಮಿಷನ್ ಕುಂದ್ರಿಸ್ಯಾರ. ಬಾಗಲಿಗೆ ತೋರಣ ಕಟ್ಯಾರ. ಹೊರಗ ಚಪ್ಪಲಿ ಬಿಟ್ಟು ಒಳಗ ಹೋಗಬೇಕು. ಮೊನ್ನೆ ಸಾಹೇಬರು ಬಂದಿದ್ರು, ಲೆಕ್ಕ ನೋಡಾಕ."

ಯಾವ ಇಲಾಖೆಯ ಸಾಹೇಬರು ಎಂಬುದು ಇಲ್ಲಿ ಬೇಡ. ಮಿಲ್ಲು ಇಟ್ಟವರಿಗೆ ಗೊತ್ತಿರುತ್ತದೆ. ಇಡದವರಿಗೆ ಗೊತ್ತಾಗಿ ಪ್ರಯೋಜನವಿಲ್ಲ.

"ವರ್ಷಾ ವರ್ಷಾ ಬಂದು ಊಟ ಮಾಡಿ, ಕವರ್ ತಗೊಂಡು ಹೋಗ್ತಿದ್ರು. ಈ ಸಲ ಧಣಿ ಏನಂದ್ರು? ಲೆಕ್ಕ ಎಲ್ಲಾ ಕಂಪ್ಯೂಟರಿನಾಗ ಐತಿ, ಚಪ್ಪಲಿ ಬಿಟ್ಟು ಬರ್ರಿ, ತೋರಿಸ್ತೀವಿ ಅಂದ್ರು. ಸಾಹೇಬರು ಬಾಗಲದಾಗ ನಿಂತು ನೋಡಿದ್ರು. 'ಎಲ್ಲಾ ಇದರೊಳಗ ಐತೇನು?' ಅಂದ್ರು. 'ನಾವು ಈಗ ಆಡೂ ಮಾತೂ ಇದರೊಳಗ ಹೋಗ್ತದೇನು?' ಅಂದ್ರು. ಧಣಿ ಸುಮ್ನ ಕುಂತ್ರು. ಸಾಹೇಬರು ನೀರೂ ಕುಡೀದ ಜೀಪ್ ಹತ್ತಿದ್ರು. ಈಗ ಸಿರುಗುಪ್ಪದ ಮಿಲ್ಲಿನವರೆಲ್ಲ ಇದನ್ನ ಮಾತಾಡ್ತಾರ."

"ಇನ್ನೊಂದು ಪ್ಲೇಟ್ ತರ್ರಿ" ಎಂದ ಗಾದಿಲಿಂಗಪ್ಪ ಹೋಟೆಲಿನವನಿಗೆ.

ಮೂರನೇ ಪ್ಲೇಟಿಗೆ ಎರ್ರಣ್ಣ ಮದುವೆಯ ಸುದ್ದಿ ಕೊಟ್ಟ. ವಿರೂಪಾಕ್ಷಪ್ಪನವರ ಮಗಳು ಕೊಟ್ರಬಸಮ್ಮನನ್ನು ತಮ್ಮ ಮಗನಿಗೆ ಕೇಳಲು ಕುರುಗೋಡಿನ ಹಾಲಸಿದ್ದಪ್ಪನವರು ಬಂದಿದ್ದರು. ವರನಿಗೆ ಒಂದು ಸ್ಕೂಟರ್ ಬೇಕೆಂದು ಮೊದಲೇ ಹೇಳಿ ಕಳಿಸಿದ್ದರು. ಸ್ಕೂಟರ್ ಬಂದು ತೌಡಿನ ಗೋದಾಮಿನಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಆದರೆ ಹಾಲಸಿದ್ದಪ್ಪ ಕಂಪ್ಯೂಟರಿಗೆ ಕೈ ಮುಗಿದವರೇ, "ಇಂಥಾ ಮನ್ಯಾಗ ಸ್ಕೂಟರ್ ಕೇಳಿದ್ರ ನಮ್ಮ ಮಾನ ಹೋಗ್ತದ. ಏನೂ ಬ್ಯಾಡ" ಎಂದುಬಿಟ್ಟರು. ಸ್ಕೂಟರ್ ಉಳಿಯಿತು. ಬರುವ ಸೋಮವಾರ ನಿಶ್ಚಿತಾರ್ಥ.

ಗಾದಿಲಿಂಗಪ್ಪ ಸೋಮವಾರ ಬೆಳಗ್ಗೆ ಅಮೀರಸಾಬನ ಟಾಂಗಾ ಹತ್ತಿದ.

"ಎಲ್ಲಿಗ್ರಿ, ಉಪಯೋಗಿಲ್ಲದ ಕೆಲಸಕ್ಕಾ?"

"ಇವತ್ತು ಉಪಯೋಗದ ಕೆಲಸಕ್ಕ" ಎಂದ ಗಾದಿಲಿಂಗಪ್ಪ. "ಕುದುರಿ ಓಡ್ಸು. ಅದರ ಪಾಲು ಅದಕ್ಕ ಕೊಡ್ತೀನಿ."

*

ಮಿಲ್ಲಿನಲ್ಲಿ ತೋರಣ, ಜಮಖಾನೆ, ಶಾಮಿಯಾನ. ವಿರೂಪಾಕ್ಷಪ್ಪ ಗಾದಿಲಿಂಗಪ್ಪನನ್ನು ಕಂಡವರೇ ತೋಳು ಹಿಡಿದು ಕಂಪ್ಯೂಟರ್ ಕೋಣೆಯೊಳಗೆ ಎಳೆದುಕೊಂಡು ಹೋದರು.

"ಇವತ್ತ ಬರಬೇಕಾ ನೀವು?"

"ಲಾಭ ಆಗೈತಿ. ಹತ್ತನೇ ಪಾಲು ಕೊಡ್ರಿ. ಸಾಹೇಬರು ಊಟ ಮಾಡದ ಹೋದ್ರು."

"ಲೇ, ಮೆತ್ತಗ. ಆ ಲಾಭದಾಗ ಪಾಲು ಕೊಟ್ರ ನಾ ಮೊದಲು ಕವರ್ ಕೊಡ್ತಿದ್ದೆ ಅಂತ ಒಪ್ಪಿಕೊಂಡಂಗ ಆಗ್ತದ. ಅದು ಅಪರಾಧ."

"ಹಂಗಾದ್ರ ಸ್ಕೂಟರಿನಾಗ ಕೊಡ್ರಿ."

"ಅದರಾಗ ಕೊಟ್ರ ವರದಕ್ಷಿಣಿ ಕೊಡಾಕ ತಂದಿದ್ದೆ ಅಂತ ಆಗ್ತದ. ಅದೂ ಅಪರಾಧ." ವಿರೂಪಾಕ್ಷಪ್ಪ ಧೋತರದ ಚುಂಗಿನಿಂದ ಬೆವರು ಒರೆಸಿಕೊಂಡರು. "ನಿಮ್ಮ ಮಿಷನ್ನಿಂದ ಆಗಿದ್ದೆಲ್ಲಾ ಬಾಯಿಲೆ ಹೇಳಾಕ ಬರದಂಥಾ ಲಾಭ. ಹೇಳಾಕ ಬರೂವಂಥಾ ಒಂದು ಲಾಭ ಆಗ್ಲಿ, ಆಗ ಬರ್ರಿ."

"ನಾ ಇಲ್ಲೇ ಕುಂದ್ರತೀನಿ. ನೀವು ಬಾಯಿ ಬಿಟ್ಟು ಹೇಳೂತನಕ ಏಳೂದಿಲ್ಲ" ಎಂದು ಗಾದಿಲಿಂಗಪ್ಪ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದ.

ಆ ಹೊತ್ತಿಗೆ ಸರಿಯಾಗಿ ಹಾಲಸಿದ್ದಪ್ಪನವರು ನೆಂಟರ ಹಿಂಡಿನೊಂದಿಗೆ ಕಂಪ್ಯೂಟರ್ ದರ್ಶನಕ್ಕೆ ಬಂದರು. ಹೊರಗೆ ಚಪ್ಪಲಿಗಳ ರಾಶಿ ಬಿತ್ತು. ಹಾಲಸಿದ್ದಪ್ಪನವರದು ಕಿರ್ ಕಿರ್ ಎನ್ನುವ ಹೊಸ ಜೋಡು. ಅದನ್ನು ರಾಶಿಯಿಂದ ದೂರ, ಗೋಡೆಗೆ ಆನಿಸಿ ಇಟ್ಟರು.

"ಈ ತಪಸ್ವಿ ಯಾರು?"

"ಇದನ್ನ ಬರದವರು" ಎಂದರು ವಿರೂಪಾಕ್ಷಪ್ಪ, ಗಾದಿಲಿಂಗಪ್ಪನ ಬಾಯಿಯ ಮೇಲೇ ಕಣ್ಣಿಟ್ಟು.

"ಹೌದಾ? ಇದಕ್ಕೆ ಎಷ್ಟು ಕೊಟ್ರಿ ಬೀಗರ?"

ಗಾದಿಲಿಂಗಪ್ಪ ಕಣ್ಣು ತೆರೆದ. "ಇನ್ನೂ ಹೇಳಿಲ್ರಿ. ಈಗ ಹೇಳ್ತಾರ. ಹೇಳ್ರಿ ಧಣಿ."

ಇಡೀ ಕುರುಗೋಡು ವಿರೂಪಾಕ್ಷಪ್ಪನವರ ಮುಖ ನೋಡಿತು. ಬೀಗರ ಮುಂದೆ ಸಣ್ಣ ಅಂಕಿ ಹೇಳಿದ ಮನುಷ್ಯ ಸಿರುಗುಪ್ಪದಲ್ಲಿ ಇನ್ನೂ ಹುಟ್ಟಿಲ್ಲ.

"ಹದಿನೈದು ಸಾವಿರ" ಎಂದರು ವಿರೂಪಾಕ್ಷಪ್ಪ.

"ಕೇಳಿದ್ರೆಲ್ಲ?" ಎಂದ ಗಾದಿಲಿಂಗಪ್ಪ ಎದ್ದು ನಿಂತು. "ಕೊಡ್ರಿ."

ಆದರೆ ಹಾಲಸಿದ್ದಪ್ಪ ಕೈಯೆತ್ತಿ ತಡೆದರು. ಅವರ ಹಣೆಯಲ್ಲಿ ಒಂದು ಲೆಕ್ಕ ನಡೆದಿತ್ತು. "ತಡೀರಿ. ಡಬ್ಬಿಗೆ ಅಲ್ಲ, ಡಬ್ಬಿ ಒಳಗಿಂದಕ್ಕ, ಕಣ್ಣಿಗೆ ಕಾಣದ್ದಕ್ಕ ಹದಿನೈದು ಸಾವಿರ ಕೊಡೂ ಮನಿ ಇದು. ನಾವು ಹಳ್ಳ್ಯಾಗಿನ ಮಂದಿ, ಸ್ಕೂಟರ್ ದೊಡ್ಡದು ಅಂತ ತಿಳ್ಕೊಂಡು ಬ್ಯಾಡ ಅಂದ್ವಿ. ನಿಮ್ಮಂಥವರಿಗೆ ಬ್ಯಾಡ ಅಂದ್ರ ನಿಮಗ ಅವಮಾನ. ಹುಡುಗಗ ಒಂದು ಕಾರ್ ಇರ್ಲಿ."

ಕೋಣೆಯಲ್ಲಿ ತಂಪಿನ ಯಂತ್ರ ಒಂದೇ ಸದ್ದು ಮಾಡುತ್ತಿತ್ತು. ಕರೆಂಟ್ ಹೋಗಿ ಅದೂ ನಿಂತಿತು.

"ಕಾರಾ?" ಎಂದರು ವಿರೂಪಾಕ್ಷಪ್ಪ.

ಬಾಗಿಲ ಹಿಂದಿನಿಂದ ಕೊಟ್ರಬಸಮ್ಮ ಈಚೆ ಬಂದಳು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಮುಖದಲ್ಲಿ ಮಾತ್ರ ಮದುವೆಯ ಕಳೆ ಇರಲಿಲ್ಲ.

"ಅಪ್ಪಾ, ಕಾರ್ ಕೊಡೂದಿದ್ರ ಕೊಡು. ಕಾರ್ ಅಷ್ಟ ಹೋಗ್ಲಿ ಕುರುಗೋಡಿಗೆ. ಅದರ ಜೋಡಿ ನಾ ಹೋಗೂದಿಲ್ಲ."

"ಹಿರಿಯರ ಮಾತಿನಾಗ ಹುಡುಗಿ ಬಾಯಿ ಹಾಕೂದು ಏನಿದು?" ಎಂದರು ಹಾಲಸಿದ್ದಪ್ಪ.

"ನಾನ ಸ್ಕೂಟರಿಗೆ ಸಮ ಅದೀನೋ, ಕಾರಿಗೆ ಸಮ ಅದೀನೋ ಅಂತ ನೀವು ಮಾತಾಡ್ತೀರಿ. ತೂಗೂ ಸಾಮಾನಿಗೂ ಒಂದು ಮಾತು ಇರ್ತದಲ್ರಿ ಮಾವಾರ."

ಹಾಲಸಿದ್ದಪ್ಪ ಹೆಗಲ ಮೇಲಿನ ಶಲ್ಯ ಒಮ್ಮೆ ಜಾಡಿಸಿದರು. ಕುರುಗೋಡು ಹೊರಟಿತು. ಅವಸರದಲ್ಲಿ ಅವರು ಬರಿಗಾಲಲ್ಲೇ ಜೀಪು ಹತ್ತಿದರು. ಕಿರ್ ಕಿರ್ ಜೋಡು ಗೋಡೆಗೆ ಆತುಕೊಂಡೇ ಉಳಿಯಿತು.

"ಚಪ್ಪಲಿ ಬಿಟ್ಟು ಹೋಗ್ಯಾರ. ಬಂದ ಬರ್ತಾರ" ಎಂದರು ವಿರೂಪಾಕ್ಷಪ್ಪ. ಅರ್ಧ ತಾಸು ಎಲ್ಲರೂ ಚಪ್ಪಲಿಯನ್ನೇ ನೋಡುತ್ತ ಕುಳಿತರು. ಯಾರೂ ಬರಲಿಲ್ಲ.

ಆಮೇಲೆ ವಿರೂಪಾಕ್ಷಪ್ಪನವರ ಸಿಟ್ಟಿಗೆ ಎದುರಿಗೆ ಸಿಕ್ಕವನು ಒಬ್ಬನೇ. "ನಿಮ್ಮಿಂದ ಸಂಬಂಧ ಮುರೀತು. ಬೀಗರ ಮುಂದ ಹೇಳಿದ ಹದಿನೈದು ಸಾವಿರಾನೂ ಅವರ ಜೋಡಿನ ಹೋತು. ಲಾಭದಾಗ ಹತ್ತನೇ ಪಾಲು ಕೇಳಿದವರು ನಷ್ಟದಾಗೂ ಹೊರಬೇಕು."

"ಹೊರತೀನಿ" ಎಂದ ಗಾದಿಲಿಂಗಪ್ಪ, ಒಂದು ಕ್ಷಣವೂ ತಡೆಯದೆ. "ನಷ್ಟ ಎಷ್ಟು, ಬಾಯಿ ಬಿಟ್ಟು ಹೇಳ್ರಿ."

ವಿರೂಪಾಕ್ಷಪ್ಪ ಬೆರಳು ಮಡಚತೊಡಗಿದರು. ಮದುವೆ ಇಲ್ಲ, ಹಾಗಾಗಿ ಕಾರು ಇಲ್ಲ. ಊಟದ ಖರ್ಚು ಇಲ್ಲ. ಸ್ಕೂಟರ್ ಗೋದಾಮಿನಲ್ಲೇ ಇದೆ, ಕೊಡುವವರೂ ಇಲ್ಲ, ಕೇಳುವವರೂ ಇಲ್ಲ. ಬೆರಳೆಲ್ಲ ಮುಗಿದರೂ ನಷ್ಟ ಸಿಗಲಿಲ್ಲ.

"ಸ್ಕೂಟರ್ ಉಳೀತಲ್ಲಪ್ಪ" ಎಂದಳು ಕೊಟ್ರಬಸಮ್ಮ. ಅವಳ ಮುಖದಲ್ಲಿ ಈಗ ಕಳೆ ಬಂದಿತ್ತು. "ನಾನೂ ಉಳದೆ. ಇದನ್ನ ಬಾಯಿಲೆ ಹೇಳಾಕ ಏನು ಕಷ್ಟ? ಅಪರಾಧನೂ ಅಲ್ಲ. ಕೊಡು ಅವರ ಪಾಲು."

ಮಗಳು ಎಲ್ಲರೆದುರು ಹೇಳಿದ ಮೇಲೆ, ಮನೆದೇವರ ಆಣೆಯೂ ಇದ್ದ ಮೇಲೆ, ವಿರೂಪಾಕ್ಷಪ್ಪನವರಿಗೆ ದಾರಿ ಉಳಿಯಲಿಲ್ಲ. ಆದರೆ ಅವರು ಅಕ್ಕಿ ಮಿಲ್ಲಿನ ಧಣಿ. ಪಾಲು ಎಂದರೆ ಅವರಿಗೆ ಗೊತ್ತಿದ್ದದ್ದು ಒಂದೇ ವಿಧಾನ.

"ಎರ್ರಣ್ಣ, ಸ್ಕೂಟರ್ ಕಾಟಾದ ಮ್ಯಾಲೆ ಏರಿಸು."

ಭತ್ತ ತೂಗುವ ಕಾಟಾದ ಮೇಲೆ ಸ್ಕೂಟರ್ ಏರಿತು. ಕ್ವಿಂಟಲಿಗಿಂತ ನಾಲ್ಕು ಕೇಜಿ ಹೆಚ್ಚು ತೂಗಿತು. ವಿರೂಪಾಕ್ಷಪ್ಪ ಅಭ್ಯಾಸಬಲದಿಂದ, "ತಾಡಪತ್ರಿಯ ತೂಕ ಕಳಿ, ಧೂಳಿಗೆ ಎರಡು ಕೇಜಿ ಕಳಿ" ಎಂದರು. ಕಳೆದ ಮೇಲೆ ಸರಿಯಾಗಿ ಕ್ವಿಂಟಲ್ ಉಳಿಯಿತು. ಹತ್ತನೇ ಪಾಲು ಹತ್ತು ಕೇಜಿ. ಎರ್ರಣ್ಣ ಸ್ಟೆಪ್ನಿ ಚಕ್ರ ಬಿಚ್ಚಿ ಗೋಣಿಚೀಲದಲ್ಲಿ ಹಾಕಿ ತೂಗಿದ. ಕಡಿಮೆ ಬಿತ್ತು. ಹಾರ್ನ್ ಬಿಚ್ಚಿ ಹಾಕಿದ. ಇನ್ನೂ ಕಡಿಮೆ. ಹಿಂದಿನ ಸೀಟು ಹಾಕಿದ ಮೇಲೆ ಮುಳ್ಳು ನೆಟ್ಟಗೆ ನಿಂತಿತು.

"ಚೀಲದ ತೂಕ ಕಳದಿಲ್ಲ" ಎಂದ ಗಾದಿಲಿಂಗಪ್ಪ.

"ಏನು?"

"ಚೀಲ ನಿಮ್ಮದು. ಅದರ ತೂಕ ನನ್ನ ಪಾಲಿನಾಗ ಹಾಕೀರಿ. ಕಳದು, ಅಷ್ಟು ಸಾಮಾನು ಹಾಕ್ರಿ."

ವಿರೂಪಾಕ್ಷಪ್ಪ ಅವನನ್ನು ಮೊದಲ ಸಲ ಗೌರವದಿಂದ ನೋಡಿದರು. ಆಮೇಲೆ ಎರ್ರಣ್ಣನಿಗೆ ಕನ್ನಡಿ ಬಿಚ್ಚಲು ಹೇಳಿದರು.

*

ಬಳ್ಳಾರಿಯ ಬಸ್ಸಿನಲ್ಲಿ ಕಂಡಕ್ಟರ್ ಚಕ್ರಕ್ಕೆ ಲಗೇಜು ಹಾಕಿದ, ಸೀಟಿಗೂ ಹಾಕಿದ. ಸೀಟಿನ ಮೇಲೆ ಯಾರೂ ಕುಳಿತಿಲ್ಲವಲ್ಲ ಎಂಬ ಗಾದಿಲಿಂಗಪ್ಪನ ವಾದ ನಡೆಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಮಿಲ್ಲಿನವರು ಚಕ್ರ ನೋಡಿ, ಕನ್ನಡಿ ನೋಡಿ, ಕೊನೆಗೆ ಕೇಳಿಯೇಬಿಟ್ಟರು.

"ನೀವ ಅಲ್ರಿ, ಸಾಹೇಬರು ನೀರು ಕುಡೀದ ಹೋಗೂವಂಥಾ ಮಿಷನ್ ಬರದವರು? ನಮ್ಮ ಮಿಲ್ಲಿಗೂ ಬರ್ರಿ. ತಾಸಿಗೆ ಎಷ್ಟು?"

"ತಾಸಿಗೆ ಇಲ್ಲ. ಲಾಭದಾಗ ಪಾಲು. ಲಾಭ ಏನು ಅಂತ ನೀವು ಮೊದಲು ನಾಲ್ಕು ಮಂದಿ ಎದುರಿಗೆ ಬಾಯಿಲೆ ಹೇಳಬೇಕು. ಆಮೇಲೆ ನಾ ಚಾಲೂ ಮಾಡ್ತೀನಿ. ಮತ್ತ, ಕಾಟಾ ಮುಟ್ಟಂಗಿಲ್ಲ."

ಆ ಮಿಲ್ಲಿನವರು ಚಕ್ರವನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿದರು. ಇಳಿಯುವಾಗ, "ಬುಧವಾರ ಬರ್ರಿ, ಮಾತಾಡೋಣ" ಎಂದರು.

ಗಾದಿಲಿಂಗಪ್ಪ ಮನೆಗೆ ಹೋಗಲಿಲ್ಲ. ಹೆಗಲಲ್ಲಿ ಚೀಲ, ಮುಂದೆ ಚಕ್ರ ಉರುಳಿಸುತ್ತ ನೇರವಾಗಿ ಬೇವಿನ ಮರದ ಕೆಳಗೆ ಬಂದ. ಉಸ್ಮಾನಸಾಬ್ ಟೈಪು ನಿಲ್ಲಿಸಿದ.

"ಬರಿಗೈಲೆ ಬಂದ್ಯೋ, ಗೆದ್ದು ಬಂದ್ಯೋ? ನೋಡಿದ್ರ ತಿಳೀವಲ್ದು."

"ನನಗೂ ತಿಳೀವಲ್ದು" ಎಂದು ಗಾದಿಲಿಂಗಪ್ಪ ಛತ್ರಿಯ ಪಕ್ಕದಲ್ಲಿ ಚಕ್ರ ಮಲಗಿಸಿ ಅದರ ಮೇಲೆ ಕುಳಿತ. ಜಾಗ ಹಳೆಯದೇ. ನೆರಳು ಹಳೆಯದೇ. ದಣಿವಿಗೆ ಹಿತವಾಗಿಯೂ ಇತ್ತು. ಇನ್ನಷ್ಟು ಹೊತ್ತು ಹಾಗೇ ಕುಳಿತಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ಅಷ್ಟರಲ್ಲಿ ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡ ಒಬ್ಬ ಕಕ್ಷಿದಾರ ಬಂದು, ಕುಳಿತವನನ್ನು ಮೇಲಿಂದ ಕೆಳಗೆ ನೋಡಿದ.

"ಭಾಳ ದಿನ ಆತು ಕಾಣದ. ಮನಿ ಭಾಗದ ಕೇಸು ಗೆದ್ದೆ ನೋಡ್ರಿ. ಅಪೀಲಿಗೆ ಉತ್ತರ ಟೈಪು ಮಾಡಿಸಬೇಕು. ಈಗ ಪುಟಕ್ಕ ಎಷ್ಟು ಮಾಡೀರಿ?"

ಗಾದಿಲಿಂಗಪ್ಪ ಎದ್ದ. ಚೀಲ ಹೆಗಲಿಗೇರಿಸಿದ. ಊರಿದ್ದ ಛತ್ರಿಯನ್ನು ಕಿತ್ತು, ಮಡಚಿ, ಉಸ್ಮಾನಸಾಬನ ಮೇಜಿನ ಮೇಲೆ ಇಟ್ಟ.

"ಅಳಿಯಗ ನಾಳಿಂದ ಬರಾಕ ಹೇಳು."

"ಎಲ್ಲಿಗೆ ಹೊಂಟೆ ಲೇ? ಚಾ ಹೇಳೀನಿ."

ಗಾದಿಲಿಂಗಪ್ಪ ಚಕ್ರ ಎತ್ತಿ ನಿಲ್ಲಿಸಿ ಉರುಳಿಸಿಕೊಂಡು ಹೊರಟ. ಚೀಲದೊಳಗಿನ ಕನ್ನಡಿಯೂ ಹಾರ್ನೂ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಕೋರ್ಟಿನ ಗೇಟು ದಾಟಿದ ಮೇಲೂ ಅದು ಸ್ವಲ್ಪ ಹೊತ್ತು ಕೇಳಿಸಿತು. ಚಾ ಬಂತು. ಆರಿತು. ಉಸ್ಮಾನಸಾಬ್ ಅದನ್ನೂ ತಾನೇ ಕುಡಿದ.